ಪಾಕಿಸ್ತಾನಕ್ಕೆ ಉಡಿ ತುಂಬಿದ್ದು

ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಒಂದು ಮನೆಯ ಒಗ್ಗರಣೆಗೆ ಪಕ್ಕದ ಮನೆಯವರು ಸೀನುತ್ತಿದ್ದ ದಿನಗಳವು. ಗೋಡೆಗಳು ಅಷ್ಟು ಹತ್ತಿರ. ಯಾರ ಮನೆಯಲ್ಲಿ ಯಾರು ಯಾರನ್ನು ಬೈದರು, ಯಾರ ಹಂಚಿನ ಮೇಲೆ ರೊಟ್ಟಿ ಸೀದಿತು, ಯಾರ ಮಗ ಗಣಿತದಲ್ಲಿ ನಪಾಸಾದ ಎಂಬುದೆಲ್ಲ ಪೇಪರು ಬರುವ ಮೊದಲೇ ಓಣಿಗೆ ಗೊತ್ತಾಗುತ್ತಿತ್ತು. ನಾನಾಗ ಆರನೇ ಇಯತ್ತೆ. ದೇಶಕ್ಕೆ ಸ್ವಾತಂತ್ರ್ಯ ಬಂದು ಐವತ್ತು ವರ್ಷ ತುಂಬಿದ್ದು ಆಗಲೇ. ಆ ವರ್ಷದ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ನಾನು ಪಾಕಿಸ್ತಾನವಾದೆ.

ನಗಬೇಡಿ. ಹೇಗಾದೆ ಅಂತ ಹೇಳುತ್ತೇನೆ.

ನಮ್ಮ ಸಾಲೆಯ ಹೆಡ್‌ಮಾಸ್ತರರಿಗೆ ನಾಟಕದ ಹುಚ್ಚು. ಐವತ್ತನೇ ವರ್ಷವೆಂದು ತಾವೇ ಒಂದು ನಾಟಕ ಬರೆದರು. ಭಾರತಮಾತೆಯ ಮನೆಯಲ್ಲಿ ಹಬ್ಬ. ಅಕ್ಕಪಕ್ಕದ ದೇಶಗಳೆಲ್ಲ ಒಂದೊಂದಾಗಿ ಉಡುಗೊರೆ ಹಿಡಿದು ಬರುತ್ತವೆ. ನೇಪಾಳ ರುದ್ರಾಕ್ಷಿ ಸರ ತರುತ್ತದೆ, ಭೂತಾನ ಸೇಬುಹಣ್ಣು, ಬರ್ಮಾ ಒಂದು ಬುಟ್ಟಿ ಅಕ್ಕಿ, ಶ್ರೀಲಂಕಾ ತೆಂಗಿನಕಾಯಿ. ಬಾಂಗ್ಲಾದೇಶದ ಕೈಗೆ ರಟ್ಟಿನ ಮೀನು ಕೊಡಬೇಕೆಂದಿತ್ತು. ಆದರೆ ಆ ಪಾತ್ರದ ಹುಡುಗಿಯ ಅಜ್ಜ ಮರುದಿನವೇ ಸಾಲೆಗೆ ಬಂದು ನಿಂತ.

“ದಿನಾ ಲಿಂಗಪೂಜಿ ಮಾಡೂ ಮನಿ ನಮ್ದು. ನಮ್ಮ ಹುಡುಗಿ ಕೈಯಾಗ ಮೀನ ಹಿಡಸ್ತೀರೇನ್ರಿ?”

“ಅಜ್ಜಾರ, ಅದು ರಟ್ಟಿಂದರೀ,” ಅಂದರು ನಾಟಕ ಕಲಿಸುತ್ತಿದ್ದ ಶಾಂತಾ ಅಕ್ಕೋರು.

“ರಟ್ಟಿಂದಾದ್ರೇನು? ಮೀನ ಅಂದ್ರ ಮೀನ!”

ಹಾಗಾಗಿ ಬಾಂಗ್ಲಾದೇಶ ಸೆಣಬಿನ ಚೀಲ ತರುವುದೆಂದು ತೀರ್ಮಾನವಾಯಿತು. ಪಾಕಿಸ್ತಾನ ಮಾತ್ರ ಏನೂ ತರುವುದಿಲ್ಲ. ಎಲ್ಲರೂ ಬಂದ ಮೇಲೆ ಬರಿಗೈಯಲ್ಲಿ ಬಂದು, ಜಗಳ ತೆಗೆದು, ಬೈಸಿಕೊಂಡು ಹೊರಗೆ ಹೋಗಬೇಕು. ಅಲ್ಲಿಗೆ ಪರದೆ ಬೀಳಬೇಕು.

ಎತ್ತರದ ಹುಡುಗಿ, ಮೊಳಕಾಲಿನ ತನಕ ಜಡೆ ಅಂತ ನನ್ನ ಗೆಳತಿ ಸುಶೀಲಿಗೆ ಭಾರತಮಾತೆಯ ಪಾತ್ರ ಸಿಕ್ಕಿತು. “ಪಾಕಿಸ್ತಾನ ಯಾರಾಗ್ತೀರಿ?” ಎಂದು ಅಕ್ಕೋರು ಕೇಳಿದಾಗ ಇಡೀ ವರ್ಗ ನೆಲ ನೋಡಿತು. ಕೊನೆಗೆ ಚೀಟಿ ಎತ್ತಿಸಿದರು. ನನ್ನ ನಸೀಬು ನೋಡಿ, ಬಂದದ್ದು ನನಗೇ. ಹುಡುಗರು ಬೆಂಚು ಬಡಿದು ಕೂಗಿದ್ದು ಇವತ್ತಿಗೂ ಕಿವಿಯಲ್ಲಿದೆ. ನಾನು ಅಳುತ್ತ ಮನೆಗೆ ಬಂದೆ.

ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲೇ ಇಲ್ಲ. “ಅಳಾಕೇನಾತು? ಹ್ವಾದ ವರ್ಷ ಕರಡಿ ಆಗಿದ್ದಿ, ಆಗೇನ ಅತ್ತಿದ್ದೇನು?”

“ಕರಡಿಗೆ ಯಾರೂ ಬೈಯೂದಿಲ್ಲಬೇ!” ಎಂದು ಚೀರಿದೆ. ಅವ್ವ ನಕ್ಕುಬಿಟ್ಟಳು. ನನಗೆ ಸಿಟ್ಟು ನೆತ್ತಿಗೇರಿ, ಎಂದಿನಂತೆ ಗೋಡೆಯಾಚೆಯ ಸಿಂಧಿ ಆಯಿಯ ಮನೆಗೆ ಓಡಿದೆ.

ಸಿಂಧಿ ಆಯಿಯ ಖರೇ ಹೆಸರು ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಪ್ಪತ್ತರ ಹತ್ತಿರದ ಮುದುಕಿ. ಹಾಲಿನಂಥ ಬಣ್ಣ, ಬೆಳ್ಳಗಿನ ಬಟ್ಟೆ, ಕೈಯಲ್ಲಿ ಸದಾ ಉಪ್ಪಿನಕಾಯಿಯ ಸೋಂಪು, ಸಾಸಿವೆಗಳ ವಾಸನೆ. ಮಗ ಮೋಹನ ಕಾಕಾನದು ದುರ್ಗದಬೈಲಿನಲ್ಲಿ ಬಟ್ಟೆ ಅಂಗಡಿ. ಅವರ ಮನೆಯಲ್ಲಿ ಒಂದು ಪದ್ಧತಿ. ಬಾಗಿಲಿಗೆ ಯಾರೇ ಬರಲಿ, ಬಿಲ್ಲು ಕೊಡಲು ಬಂದ ಲೈಟಿನವನೇ ಇರಲಿ, ಮೊದಲು ಒಂದು ಸುಟ್ಟ ಹಪ್ಪಳ, ಒಂದು ಲೋಟ ನೀರು. ಆಮೇಲೆ ಮಾತು. ನನಗಂತೂ ದಿನಾ ಸಂಜೆ ಎರಡು ಹಪ್ಪಳ. ಕೆಂಡದ ಮೇಲೆ ಸುಟ್ಟದ್ದು, ಅಂಚು ಚೂರು ಕರಕಾದದ್ದು, ಮೆಣಸಿನ ಕಾಳು ನಾಲಿಗೆಗೆ ಸಿಕ್ಕರೆ ಕಣ್ಣಲ್ಲಿ ನೀರು ಬರುತ್ತಿತ್ತು.

ಅಷ್ಟು ವರ್ಷ ಹುಬ್ಬಳ್ಳಿಯಲ್ಲಿದ್ದರೂ ಆಯಿಯ ಬಾಯಲ್ಲಿ “ನಮ್ಮ ಊರು” ಅಂದರೆ ಶಿಕಾರಪುರವೇ. ಅಲ್ಲಿಯ ಬಜಾರಿಗೆ ಉದ್ದಕ್ಕೂ ಮಾಳಿಗೆ ಇದೆಯಂತೆ, ಬಿಸಿಲು ಬೀಳುವುದೇ ಇಲ್ಲವಂತೆ. ಒಂದು ಸಲ ನಾನು ಬಸ್ ಸ್ಟ್ಯಾಂಡಿನಲ್ಲಿ ಶಿಕಾರಿಪುರದ ಬೋರ್ಡು ಓದಿ ಬಂದು, “ಆಯಿ, ನಿಮ್ಮ ಊರಿಗೆ ಮುಂಜಾನೆ ಬಸ್ ಐತ್ರಿ, ಹೋಗಿ ಬರ್ರಿ” ಎಂದು ಹೇಳಿದ್ದೆ. ಆಯಿ ನಕ್ಕು ನಕ್ಕು ಕಣ್ಣೊರೆಸಿಕೊಂಡು, “ಆ ಊರಿಗೆ ಬಸ್ ಹೋಗೂದಿಲ್ಲ ಬೇಟಾ” ಅಂದಿದ್ದಳು. ಯಾಕೆ ಹೋಗುವುದಿಲ್ಲ ಅಂತ ನಾನೂ ಕೇಳಲಿಲ್ಲ. ಹಪ್ಪಳ ಬಾಯಲ್ಲಿತ್ತು.

ಆ ದಿನವೂ ಆಯಿ ಹಪ್ಪಳ ಕೊಟ್ಟು, ನಾಟಕದ ವೇಷಕ್ಕೆ ಓಢಣಿ ಬೇಕೆಂದಾಗ ಹಿಗ್ಗಿದಳು. “ನನ್ನ ಕಡೆ ಒಂದ ಐತಿ. ರೇಶಿಮಿದು. ನಿನಗ ಛಲೋ ಕಾಣ್ತದ” ಅಂದಳು. ಯಾವ ವೇಷ ಅಂತ ಆಕೆ ಕೇಳಲಿಲ್ಲ. ಹೇಳಲು ನನಗೂ ನಾಚಿಕೆ.

ಮಾರನೇ ದಿನ ಸಂಜೆ ಸುಶೀಲಿ ಬಂದಳು. ಮಳೆ ನಿಂತಿತ್ತು. ಆಯಿಯ ಮನೆಯ ಕಟ್ಟೆ ನಮ್ಮದಕ್ಕಿಂತ ಅಗಲ, ಅಲ್ಲಿಯೇ ತಾಲೀಮು ಶುರು ಮಾಡಿದೆವು. ಆಯಿ ಬಾಗಿಲಲ್ಲಿ ಕೂತು ಬೇಳೆ ಹಸನು ಮಾಡುತ್ತ ನೋಡುತ್ತಿದ್ದಳು. ನಾನು ಎದೆ ಉಬ್ಬಿಸಿ, “ನಾನು ಪಾಕಿಸ್ತಾನ! ನಿನ್ನ ಮನೆ ಒಡೆದು ಹೋದವಳು!” ಎಂದೆ. ಸುಶೀಲಿ ಕೈ ಚಾಚಿ, ಹೆಡ್‌ಮಾಸ್ತರರು ಹೇಳಿಕೊಟ್ಟಂತೆ ಕಣ್ಣು ಕೆಂಪಗೆ ಮಾಡಿ, “ಇಂದಿನಿಂದ ನಿನಗೂ ನನಗೂ ಸಂಬಂಧವಿಲ್ಲ! ನಿನ್ನ ಮಣ್ಣು ನನ್ನ ಅಂಗಳ ತುಳಿಯಬಾರದು! ಹೊರಡು!” ಎಂದು ಗುಡುಗಿದಳು.

ಮೊರದ ಸದ್ದಾಯಿತು. ತಿರುಗಿ ನೋಡಿದರೆ ಆಯಿ ಎದ್ದು ನಿಂತಿದ್ದಳು. ಬೇಳೆಯ ಮೊರ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹಗಲು ಹೊತ್ತು ಆ ಬಾಗಿಲು ಮುಚ್ಚಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಮರುದಿನವೂ ಬಾಗಿಲು ಮುಚ್ಚಿತ್ತು, ಅದರ ಮರುದಿನವೂ. ಹಪ್ಪಳ ಸುಟ್ಟ ವಾಸನೆ ಇಲ್ಲ, “ಬಾ ಬೇಟಾ” ಇಲ್ಲ. ನಾನು ಅವ್ವನ ಸೆರಗು ಹಿಡಿದು ಕೇಳಿದೆ. ಆಗ ಅವ್ವ ಒಲೆಯ ಮುಂದೆ ನನ್ನನ್ನು ಕೂರಿಸಿಕೊಂಡು ಹೇಳಿದಳು.

“ಆಕಿ ಊರು ಈಗ ಪಾಕಿಸ್ತಾನದಾಗೈತಿ. ಸ್ವಾತಂತ್ರ್ಯ ಬಂತಂತ ಇಲ್ಲೆ ಮಂದಿ ಪೇಢೆ ಹಂಚಾಕತ್ತಿದ್ರು. ಆ ವರ್ಷನ ಆಕಿ ಉಟ್ಟ ಬಟ್ಟಿ ಮ್ಯಾಲೆ ಹಡಗ ಹತ್ತಿ ಈ ಕಡೆ ಬಂದ್ಲು. ತಂಗಿ ಒಬ್ಬಾಕಿ ಅಲ್ಲೇ ಉಳದ್ಲು. ಆಕಿದು ಲಗ್ನ ಆಗಿತ್ತು, ಗಂಡನ ಮನ್ಯಾರು ಊರ ಬಿಡಲಿಲ್ಲ. ಮೊದಮೊದಲ ಸುದ್ದಿ ಬರ್ತಿದ್ವಂತ. ಯುದ್ಧ ಆದ ಮ್ಯಾಲೆ ಅವೂ ನಿಂತ್ವು. ಈಗ ತಂಗಿ ಅದಾಳೋ ಇಲ್ಲೋ, ಅದೂ ಗೊತ್ತಿಲ್ಲ. ಈಗ ತನ್ನ ಕಟ್ಟಿ ಮ್ಯಾಲೆ ಎರಡ ಹುಡುಗ್ಯಾರು ನಿಂತು ‘ನಿನಗೂ ನನಗೂ ಸಂಬಂಧಿಲ್ಲ’ ಅಂತ ಚೀರಿದ್ರ ಆಕಿಗೆ ಹೆಂಗ ಆಗಬೇಕು, ಹೇಳು?”

“ನಾವೇನ ಮಾಡೂದಬೇ? ಹೆಡ್‌ಮಾಸ್ತರು ಹಂಗ ಬರದಾರ.”

“ನಿಮ್ಮದೇನ ತಪ್ಪಿಲ್ಲ. ಆಕಿ ಸಂಕಟ ಆಕಿಗೆ.”

ತಪ್ಪು ನನ್ನದಲ್ಲ ಅಂತ ಗೊತ್ತಾದರೂ ಸಮಾಧಾನವಾಗಲಿಲ್ಲ. ನನಗೆ ಆಗ ಬೇಕಾಗಿದ್ದು ಒಂದೇ. ಆಯಿಯ ಬಾಗಿಲು ತೆರೆಯಬೇಕು. ಭಾರತ, ಪಾಕಿಸ್ತಾನ ಎರಡೂ ಎಲ್ಲಿಗಾದರೂ ಹೋಗಲಿ.

ಸಾಲೆಗೆ ಹೋದವಳೇ ಅಕ್ಕೋರಿಗೆ ದುಂಬಾಲು ಬಿದ್ದೆ. “ಅಕ್ಕೋರ, ಆ ಕಡೀ ಮಾತು ತಗೀರಿ. ಇಲ್ಲಾಂದ್ರ ನಾ ಪಾಕಿಸ್ತಾನ ಆಗೂದಿಲ್ಲ.” ಅಕ್ಕೋರು ಪಾಪದವರು, ನನ್ನ ಕೈ ಹಿಡಿದು ಹೆಡ್‌ಮಾಸ್ತರರ ಕೋಣೆಗೇ ಕರೆದೊಯ್ದರು. ಅವರು ಚಾಳೀಸಿನ ಮೇಲಿನಿಂದ ನೋಡಿದರು. “ನಾಟಕದ ಜೀವಾನ ಆ ಮಾತು! ಅದನ್ನ ತಗದ್ರ ಏನ ಉಳೀತದ? ನೀ ಬಿಟ್ರ ಈಗ ಯಾರ ಮಾಡ್ತಾರ? ಹೋಗು, ಜೋರಾಗಿ ಮಾತಾಡೂದು ಕಲಿ” ಅಂದರು. ಅಲ್ಲಿಗೆ ಮುಗಿಯಿತು.

ಆಗಸ್ಟ್ ಹದಿನೈದರ ಮುಂಜಾನೆ. ಆ ವರ್ಷಗಳಲ್ಲಿ ಮೈದಾನದಲ್ಲಿ ಬಾವುಟ ಹಾರಿಸುವ ತಂಟೆಯಿಂದಾಗಿ ನಮ್ಮೂರಲ್ಲಿ ಆ ದಿನ ಬಂದರೆ ಚೌಕಗಳಲ್ಲಿ ಪೊಲೀಸರ ಗಾಡಿ ನಿಲ್ಲುತ್ತಿದ್ದವು, ಹಿರಿಯರ ದನಿ ಸ್ವಲ್ಪ ತಗ್ಗುತ್ತಿತ್ತು. ನಮಗೆ ಮಕ್ಕಳಿಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಬುಂದಿ ಲಾಡು, ಪ್ರಭಾತಫೇರಿಯ ಘೋಷಣೆ, ಇಷ್ಟೇ ಚಿಂತೆ. ನಾನು ನಮ್ಮಪ್ಪನ ತಮ್ಮನ ಮಗಳ ಹಳೆಯ ಸಲ್ವಾರು ತೊಟ್ಟು, ಓಢಣಿಯ ಬದಲು ಅವ್ವನ ಹಳೆಯ ಸೀರೆಯ ತುಂಡು ಹೊದ್ದು ಹೊಸ್ತಿಲು ದಾಟುತ್ತಿದ್ದೆ. ಅಷ್ಟರಲ್ಲಿ ಆಯಿಯ ಬಾಗಿಲು ತೆರೆಯಿತು.

ಆಕೆಯ ಕೈಯಲ್ಲಿ ಕೆಂಪು ರೇಶ್ಮೆಯ ಓಢಣಿ. ಅಂಚಿನ ತುಂಬ ಸಣ್ಣ ಸಣ್ಣ ಕನ್ನಡಿ. ಆಯಿ ಹತ್ತಿರ ಬಂದು ಸೀರೆಯ ತುಂಡನ್ನು ಕಿತ್ತು ಪಕ್ಕಕ್ಕಿಟ್ಟಳು. “ಹಿಂಗ ಯಾರ ಹೊತ್ಕೋತಾರ? ಹುಚ್ಚಿ. ನಮ್ಮ ಊರಾಗ ಹಿಂಗ ಹೊತ್ಕೋತಾರ” ಎನ್ನುತ್ತ ನನ್ನ ತಲೆಯ ಮೇಲೆ ಓಢಣಿ ಹೊದಿಸಿ, ಎರಡೂ ಸೆರಗು ಮುಂದೆ ಇಳಿಬಿಟ್ಟಳು.

“ನೀವು ನಾಟಕಕ್ಕ ಬರ್ರಿ ಆಯಿ” ಅಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

“ನಾ ಬರೂದಿಲ್ಲ ಬೇಟಾ. ನೀ ಛಲೋ ಮಾಡು.”

ಸಾಲೆಯ ಅಂಗಳದಲ್ಲಿ ಬೆಂಚು ಜೋಡಿಸಿದ ರಂಗ. ಹಗ್ಗಕ್ಕೆ ಎರಡು ಚಾದರ ಕಟ್ಟಿದ್ದೇ ಪರದೆ. ಮುಂದಿನ ಸಾಲಿನಲ್ಲಿ ಗಾಂಧಿ ಟೋಪಿಯ ಹಿರಿಯ ಅತಿಥಿ, ಅವರ ಪಕ್ಕ ಹೆಡ್‌ಮಾಸ್ತರರು, ಹಿಂದೆ ಓಣಿಯ ತಾಯಂದಿರೆಲ್ಲ. ದೇಶಗಳು ಒಂದೊಂದಾಗಿ ಹೋದವು. ಭೂತಾನ ತಂದ ಸೇಬಿನ ಮೇಲೆ ಕಚ್ಚಿದ ಗುರುತಿತ್ತು, ಮಂದಿ ನಕ್ಕರು. ಸುಶೀಲಿಯ ರಟ್ಟಿನ ಕಿರೀಟ ಪದೇ ಪದೇ ಕಣ್ಣಿನ ಮೇಲೆ ಜಾರುತ್ತಿತ್ತು. ಉಡುಗೊರೆಗಳೆಲ್ಲ ಆಕೆಯ ಮುಂದಿನ ಮೇಜಿನ ಮೇಲೆ, ಕುಂಕುಮದ ಬಟ್ಟಲಿನ ಪಕ್ಕ ಸಾಲಾಗಿ ಕೂತವು. ನನ್ನ ಸರದಿ ಬಂತು.

ರಂಗಕ್ಕೆ ಕಾಲಿಟ್ಟವಳು ಮೊದಲು ನೋಡಿದ್ದು ಗೇಟಿನ ಕಡೆ. ಕಪ್ಪು ಕೊಡೆಯ ಕೆಳಗೆ ಸಿಂಧಿ ಆಯಿ ನಿಂತಿದ್ದಳು.

ಅಯ್ಯೋ ಶಿವನೇ! ಬರುವುದಿಲ್ಲ ಎಂದವಳು ಬಂದಿದ್ದಾಳೆ. ಈಗ ಇಷ್ಟು ಮಂದಿಯ ಮುಂದೆ ಮತ್ತೆ ಅದೇ ಮಾತು ಕೇಳಬೇಕು. ನನ್ನ ಮಾತುಗಳನ್ನು ಹೇಗೆ ಆಡಿದೆನೋ ನೆನಪಿಲ್ಲ. ಸುಶೀಲಿ ಮಾತ್ರ ಒಂದಕ್ಷರ ತಪ್ಪಲಿಲ್ಲ. “ನಿನಗೂ ನನಗೂ ಸಂಬಂಧವಿಲ್ಲ! ನಿನ್ನ ಮಣ್ಣು ನನ್ನ ಅಂಗಳ ತುಳಿಯಬಾರದು! ಹೊರಡು!” ಚಪ್ಪಾಳೆ ಬಿತ್ತು. ಆಯಿಯ ಕೊಡೆ ಮುಂದಕ್ಕೆ ಬಾಗಿ ಮುಖ ಮರೆಯಾಯಿತು. ನಾನು ಓಢಣಿ ಎಳೆದುಕೊಂಡು, ಬೆನ್ನು ತಿರುಗಿಸಿ ನಡೆದೆ. ನಾಟಕದ ಅಳು ಬೇರೆ ಬೇಕಿರಲಿಲ್ಲ, ಖರೇನೇ ಅಳು ಬಂದಿತ್ತು.

ಇಲ್ಲಿ ಸುಶೀಲಿಯ ಮನೆಯ ಬಗ್ಗೆ ಒಂದು ಮಾತು ಹೇಳಬೇಕು. ಆಕೆಯ ಅವ್ವ ಗಂಗಕ್ಕ ಉಡಿ ತುಂಬದೆ ಯಾವ ಹೆಣ್ಣುಮಗಳನ್ನೂ ಬಾಗಿಲಿನಿಂದ ಕಳಿಸಿದವಳಲ್ಲ. ನಮ್ಮ ಕಡೆ ಹಬ್ಬದ ದಿನ ಮನೆಗೆ ಬಂದ ಹೆಣ್ಣುಮಗಳು ಹೊರಟಾಗ ಕುಂಕುಮ ಹಚ್ಚಿ ಸೆರಗಿಗೆ ಅಕ್ಕಿ, ಕಾಯಿ ಹಾಕುತ್ತಾರಲ್ಲ, ಅದು ಗಂಗಕ್ಕನಿಗೆ ದಿನನಿತ್ಯದ ಕೆಲಸ. ಬಳೆ ಮಾರಲು ಬಂದವಳಿಗೂ ಉಡಿ, ಜಗಳಾಡಿ ಹೊರಟ ನಾದಿನಿಗೂ ಉಡಿ. ಅಕ್ಕಿಯ ತಾಟು ತಂದುಕೊಡುವ ಕೆಲಸ ಹುಟ್ಟಿದಾಗಿನಿಂದ ಸುಶೀಲಿಯದು.

ನಾನು ಪರದೆ ಮುಟ್ಟುವುದರೊಳಗೆ ಹಿಂದಿನಿಂದ ಕೂಗು ಬಂತು. ಭಾರತಮಾತೆಯ ದನಿಯಲ್ಲ ಅದು, ಸಾಕ್ಷಾತ್ ಗಂಗಕ್ಕನ ದನಿ.

“ಏ, ಏ, ನಿಂದರ್ರಿ! ಬರೀ ಉಡೀಲೇ ಹೊಂಟ್ರೇನು? ಉಡಿ ತುಂಬಸ್ಕೊಂಡು ಹೋಗ್ರೀ!”

ನಾನು ತಿರುಗಿದೆ. ಸುಶೀಲಿ ಕಿರೀಟ ಹಿಂದಕ್ಕೆ ತಳ್ಳಿ, ಬರ್ಮಾದ ಬುಟ್ಟಿಯಿಂದ ಅಕ್ಕಿ ಬೊಗಸೆಯಲ್ಲಿ ತುಂಬಿಕೊಂಡು ನನ್ನತ್ತ ಬರುತ್ತಿದ್ದಳು! ನನ್ನ ಕೈಗಳೋ, ಕಲಿತ ಕೈಗಳು, ತಾವೇ ಓಢಣಿಯ ಸೆರಗು ಒಡ್ಡಿದವು. ಅಷ್ಟರಲ್ಲಿ ಹೆಂಗಸರ ಸಾಲಿನಿಂದ ಗಂಗಕ್ಕನೇ ಎದ್ದು ನಿಂತು ಕೂಗಿದಳು.

“ಮೊದಲ ಕುಂಕುಮ ಹಚ್ಚ, ಹುಚ್ಚ ಖೋಡಿ!”

ನಗೆಯೋ ನಗೆ. ಸುಶೀಲಿ ಓಡಿ ಹೋಗಿ ಕುಂಕುಮ ತಂದು ಹಚ್ಚಿದಳು. ಅಕ್ಕಿ ಹಾಕಿದಳು, ಲಂಕೆಯ ಕಾಯಿ ಹಾಕಿದಳು, ಭೂತಾನದ ಕಚ್ಚಿದ ಸೇಬನ್ನೂ ಹಾಕಿದಳು. ನಾನು ಪದ್ಧತಿಯಂತೆ ಬಗ್ಗಿ ನಮಸ್ಕಾರ ಮಾಡಿದೆ. “ಹೋಗಿ ಬರ್ರಿ” ಅಂದಳು ಸುಶೀಲಿ. “ಬರ್ತೇನ್ರಿ” ಅಂದೆ ನಾನು. ಆಗ ಪರದೆ ಬಿತ್ತು.

ಗಾಂಧಿ ಟೋಪಿಯ ಅಜ್ಜ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರಂತೆ. ಪರದೆಯ ಹಿಂದೆ ಮಾತ್ರ ಹೆಡ್‌ಮಾಸ್ತರರು ಕೆಂಡವಾಗಿದ್ದರು. “ವೈರಿಗೆ ಯಾರರ ಉಡಿ ತುಂಬ್ತಾರೇನ? ನಾ ಬರದದ್ದೇನು, ನೀ ಮಾಡಿದ್ದೇನು?”

ಸುಶೀಲಿ ಕಿರೀಟ ಕೈಯಲ್ಲಿ ಹಿಡಿದು ಅಂದಳು, “ಬಾಯಿಗೆ ಬಂತ್ರಿ ಸರ್. ಮನಿಗೆ ಬಂದಿದ್ಲಲ್ರೀ.”

ನಾನು ಎರಡೂ ಕೈಯಲ್ಲಿ ಉಡಿ ಹಿಡಿದು, ಅಕ್ಕಿ ಚೆಲ್ಲದಂತೆ, ಗೇಟಿನ ಕಡೆ ಓಡಿದೆ. ಆಯಿ ಕೊಡೆ ಮಡಚಿಬಿಟ್ಟಿದ್ದಳು. ತುಂತುರು ಮಳೆ ಮುಖದ ಮೇಲೆ ಬೀಳುತ್ತಿತ್ತು, ಹಾಗಾಗಿ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಎರಡೂ ಇರಬೇಕು. ಅವ್ವ, ಗಂಗಕ್ಕ ಕೂಡ ಹಿಂದೆಯೇ ಬಂದರು.

“ಉಡಿ ಅಕ್ಕಿ ಚೆಲ್ಲಬಾರದು, ಬೇಯಿಸಿ ಉಣಬೇಕು” ಅಂದಳು ಗಂಗಕ್ಕ. “ಈಗ ಇದನ್ನ ಯಾರ ಮನ್ಯಾಗ ಬೇಯಿಸೂದವಾ?”

“ನನ್ನ ಮನಿಗೆ ಕೊಡ್ರಿ” ಅಂದಳು ಆಯಿ. “ನನ್ನ ತಂಗಿ ಪಾಲಿಂದು. ನಾ ಬೇಯಿಸ್ತೇನಿ.”

ಆ ಮಧ್ಯಾಹ್ನ ಆಯಿಯ ಅಡುಗೆಮನೆಯಿಂದ ಹೊರಟ ವಾಸನೆಯನ್ನು ಹೇಗೆ ಹೇಳಲಿ! ತುಪ್ಪದಲ್ಲಿ ಏಲಕ್ಕಿ, ಸೋಂಪು ಹುರಿದು, ಸಕ್ಕರೆ ಹಾಕಿ, ಕಾಯಿಯ ಚೂರು ಬೆರೆಸಿದ ಹಳದಿ ಅನ್ನ. ಅವರ ಕಡೆ ಶುಭ ದಿನಕ್ಕೆ ಮಾಡುತ್ತಾರಂತೆ. ಓಣಿಯ ಪ್ರತಿ ಮನೆಗೂ ಒಂದೊಂದು ವಾಟಿ ಹೋಯಿತು. ಸುಶೀಲಿ ಮತ್ತು ನಾನು ಹೆಡ್‌ಮಾಸ್ತರರ ಮನೆಗೂ ಒಯ್ದೆವು. ಅವರು ಮುಖ ಗಂಟಿಕ್ಕಿಕೊಂಡೇ ತಿಂದರು. ತಿಂದು ವಾಟಿ ಮುಂದೆ ಮಾಡಿ, “ಇನ್ನೊಂದೀಟು ಐತೇನು?” ಅಂದರು.

ಅವತ್ತಿನಿಂದ ಆಯಿ ತಂಗಿಯ ಮಾತು ತೆಗೆದಳು. ಅಲ್ಲಿಯ ತನಕ ತನ್ನ ಮಗನ ಮುಂದೆಯೂ ಅಷ್ಟು ಹೇಳಿರಲಿಲ್ಲವಂತೆ. ತಂಗಿಯ ಹೆಸರು ಕಮಲಾ. ಮಹಾ ಜಗಳಗಂಟಿ, ಜಡೆ ಹಾಕಿಸಿಕೊಳ್ಳುವಾಗ ಒದೆಯುತ್ತಿದ್ದಳು, ಹಪ್ಪಳದ ಹಿಟ್ಟು ಕದಿಯುತ್ತಿದ್ದಳು. ನಾನು ಮತ್ತು ಸುಶೀಲಿ ಕಟ್ಟೆಯ ಮೇಲೆ ಕೂತು, ಕಂಡಿಲ್ಲದ ಕಮಲಾಳ ಕಿತಾಪತಿ ಕೇಳಿ ಕೇಳಿ ನಕ್ಕೆವು. ಎರಡು ವರ್ಷದ ನಂತರ ಕಾರ್ಗಿಲ್ ಯುದ್ಧ ಬಂತು. ಓಣಿಯಲ್ಲಿ ಎಲ್ಲರೂ ರೇಡಿಯೋಗೆ ಕಿವಿ ಹಚ್ಚಿದ್ದರು. ನಾನು ಹೆದರಿ ಆಯಿಯ ಮನೆಯ ಕಡೆ ನೋಡಿದೆ. ಬಾಗಿಲು ತೆರೆದೇ ಇತ್ತು. ಆಯಿ ಗಡಿಯಲ್ಲಿರುವ ನಮ್ಮ ಹುಡುಗರಿಗಾಗಿ ದೀಪ ಹಚ್ಚಿದಳು, ಕಮಲಾಳಿಗಾಗಿ ಇನ್ನೊಂದು.

ಆಮೇಲೆ ಹವಾ ಬದಲಾಯಿತು. ನಮ್ಮ ಕ್ರಿಕೆಟ್ ತಂಡ ಆ ಕಡೆ ಹೋಗಿ ಆಡಿ ಬಂದ ವರ್ಷ, ನಾನು ಕಾಲೇಜಿನಲ್ಲಿದ್ದೆ. ಮೋಹನ ಕಾಕಾನಿಗೆ ಮುಂಬೈಯ ಬಟ್ಟೆ ವ್ಯಾಪಾರಿಯೊಬ್ಬರ ಮೂಲಕ ಶಿಕಾರಪುರದ ಒಂದು ಫೋನ್ ನಂಬರು ಸಿಕ್ಕಿತು. ಕಮಲಾ ಬದುಕಿದ್ದಳು. ಒಂದು ಐತವಾರ ನಾವೆಲ್ಲ ಓಣಿಯ ತುದಿಯ ಎಸ್‌ಟಿಡಿ ಬೂತಿಗೆ ಆಯಿಯನ್ನು ಮೆರವಣಿಗೆಯಂತೆ ಕರೆದುಕೊಂಡು ಹೋದೆವು. ಕಾಕಾ ನಂಬರಿನ ಚೀಟಿ ನನ್ನ ಕೈಗಿಟ್ಟ, ಹಚ್ಚಿದ್ದು ನಾನು. ಗಾಜಿನ ಬಾಗಿಲು ಮುಚ್ಚಿ ಹೊರಗೆ ನಿಂತೆವು. ಮೊದಲು ಆಯಿ ಅತ್ತಳು. ಬಹಳ ಹೊತ್ತು ಅತ್ತಳು. ಆಮೇಲೆ ನಕ್ಕಳು. ಆಮೇಲೆ ನೋಡುತ್ತೇವೆ, ಕೈ ಬೀಸಿ ಬೀಸಿ ಜಗಳ ಶುರು ಮಾಡಿದ್ದಾಳೆ! ಸಿಂಧಿ ಭಾಷೆ ನಮಗೆ ತಿಳಿಯದು. ಕಾಕಾ ಕಿವಿಗೊಟ್ಟು ಕೇಳಿ, ನಗು ತಡೆಯಲಾರದೆ ಹೇಳಿದ: “ಸಣ್ಣವರಿದ್ದಾಗ ಅಪ್ಪನ ಗಡಿಯಾರ ಯಾರು ಒಡದ್ರು ಅಂತ ನಡದದವಾ!”

ಈಗ ಆಯಿ ಇಲ್ಲ. ಆ ಬೂತೂ ಇಲ್ಲ. ನಾನು ಊರ ಹೊರವಲಯದ ಬೈರಿದೇವರಕೊಪ್ಪದ ಹೊಸ ಮನೆಯಲ್ಲಿದ್ದೇನೆ. ಪಕ್ಕದ ಮನೆಯವರ ಹೆಸರನ್ನು ಅವರ ಗೇಟಿನ ಮೇಲೆ ಓದಿ ಬಲ್ಲೆ, ಮಾತಾಡಿಸಿ ಅಲ್ಲ. ನನ್ನ ಮಗಳ ಶಾಲೆಯ ನಾಟಕದಲ್ಲಿ ಮಾತುಗಳೆಲ್ಲ ಮೊದಲೇ ರೆಕಾರ್ಡಾಗಿರುತ್ತವೆ, ಮಕ್ಕಳು ಬಾಯಿ ಆಡಿಸುತ್ತಾರೆ, ಯಾರೂ ತಪ್ಪುವುದೇ ಇಲ್ಲ. ಬೆರಳು ಮುಟ್ಟಿಸಿದರೆ ಜಗತ್ತಿನ ಯಾವ ಮೂಲೆಯ ಮುಖವಾದರೂ ಕಾಣುತ್ತದೆ. ಆದರೂ ಆ ಕಡೆಗೆ ಹೋಗುವ ದಾರಿ ಮತ್ತೆ ಮತ್ತೆ ಮುಚ್ಚುತ್ತಿದೆ, ಟಿವಿಯಲ್ಲಿ ಎರಡೂ ಕಡೆಯವರು ದಿನಾ ಸಂಜೆ ಕಿರುಚುತ್ತಾರೆ. ಕೇಳಲಾರದೆ ಟಿವಿ ಆರಿಸುತ್ತೇನೆ. ಜಗಳ ಇರಲಿ ಮಾರಾಯರೇ, ಇದ್ದೇ ಇರುತ್ತದೆ. ಆದರೆ ನಾಳೆಯೂ ಮಾತಾಡಬೇಕೆಂಬ ಆಸೆ ಈ ಜಗಳದಲ್ಲಿ ಎಲ್ಲಿದೆ? ಅದನ್ನೇ ನಾವು ಕಳೆದುಕೊಂಡದ್ದು.

ಕಳೆದದ್ದು ಸಿಗುವುದೇ ಇಲ್ಲ ಅಂತ ಮಾತ್ರ ನಾನು ಒಪ್ಪುವುದಿಲ್ಲ. ಐವತ್ತು ವರ್ಷ ದಾಟಿದ ಮೇಲೆ ಸಿಕ್ಕದ್ದನ್ನು ಈ ಕಣ್ಣಿಂದ ನೋಡಿದ್ದೇನೆ. ಅವತ್ತು ಗಾಜಿನ ಬಾಗಿಲು ದೂಡಿಕೊಂಡು ಹೊರಬಂದ ಆಯಿಯ ಮುಖ ಕೆಂಪಗೆ ಕಾದಿತ್ತು, ಕಣ್ಣು ಹುಡುಗಿಯ ಕಣ್ಣಿನಂತೆ ಹೊಳೆಯುತ್ತಿದ್ದವು. ಬೆವರು ಒರೆಸಿಕೊಳ್ಳುತ್ತ ನನ್ನ ತೋಳು ಹಿಡಿದಳು.

“ಗಡಿಯಾರ ಒಡದಾಕಿ ತಾನು, ಹೆಸರ ನಂದು ಹೇಳ್ತಾಳ! ಬರೂ ಐತವಾರ ಮತ್ತ ಹಚ್ಚಿಕೊಡ ಬೇಟಾ. ಆಕಿ ಕಡಿಂದ ತಪ್ಪ ಒಪ್ಪಿಸದ ನಾ ಬಿಡೂದಿಲ್ಲ.”